ಪೊರಕೆ ಹಿಡಿಯುವ ಮುಂಚೆ: ಇಲಿ ಹಿಕ್ಕೆ, ಹಂಟಾವೈರಸ್ ಮತ್ತು ಮುಚ್ಚಿಟ್ಟ ಕೋಣೆ

ಅಮ್ಮ ಅರಸೀಕೆರೆಯಿಂದ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಗೆ ಬಂದು ಮೂರು ದಿನ ಆಗಿತ್ತು ಅಷ್ಟೆ. ಮಾರ್ಚ್ ತಿಂಗಳು. ಹಿತ್ತಲಲ್ಲಿ ಶೆಡ್ಡಿನ ಬಾಗಿಲು ಕಿರ್ ಎಂದದ್ದು ಕೇಳಿಸಿ ಎದ್ದು ಓಡಿದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಗೊಬ್ಬರದ ಚೀಲದ ಹಿಂದೆ ಹಳೇ ದಿಂಬಿನ ಹತ್ತಿ, ಪೇಪರ್ ಚೂರು, ಒಣಹುಲ್ಲು ಸೇರಿಸಿ ಕಟ್ಟಿದ ಒಂದು ಗೂಡು. ಸುತ್ತ ಕರಿಜೀರಿಗೆ ಚೆಲ್ಲಿದ ಹಾಗೆ ಹಿಕ್ಕೆ.

"ಏನೇ ಇದು, ಇಷ್ಟೊಂದು ಇಲಿ ಹಿಕ್ಕೆ! ಎರಡು ನಿಮಿಷ ತಡಿ, ಗುಡಿಸಿ ಬಿಸಾಕ್ತೀನಿ."

"ಅಮ್ಮಾ, ಬೇಡ. ಪೊರಕೆ ಅಲ್ಲೇ ಇಟ್ಟು ಹೊರಗೆ ಬಾ."

ನನ್ನ ದನಿ ಕೇಳಿ ಅವಳಿಗೆ ಗಾಬರಿಯೇ ಆಯಿತು. ಹೊರಗೆ ಕೂರಿಸಿ ಹೇಳಿದೆ. ಇಲ್ಲಿನ ಇಲಿಯ ಒಣಗಿದ ಹಿಕ್ಕೆ, ಮೂತ್ರದ ಧೂಳು ಎದ್ದು ಮೂಗಿಗೆ ಹೋದರೆ ಒಂದು ವೈರಸ್ ಬರಬಹುದು, ಅದು ಶ್ವಾಸಕೋಶಕ್ಕೆ ಇಳಿದರೆ ಉಳಿಯುವುದು ಕಷ್ಟ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಧೂಳು ಏಳಬಾರದು ಅಂತ ನಾವು ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸ್ತೀವಲ್ಲ, ಹಾಗೆ ಮಾಡಿದ್ರೆ?"

ಅರ್ಧ ಉತ್ತರ ಅವಳೇ ಕೊಟ್ಟುಬಿಟ್ಟಿದ್ದಳು. ಉಳಿದ ಅರ್ಧ ಈ ಲೇಖನದಲ್ಲಿದೆ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಇರುವ ನಮ್ಮವರಿಗೆ, ಅಲ್ಲಿಗೆ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರಿಗೆ, ಬೆಟ್ಟದ ಕ್ಯಾಬಿನ್ ಬಾಡಿಗೆಗೆ ಹಿಡಿಯುವವರಿಗೆ ಇದನ್ನು ಮುಖ್ಯವಾಗಿ ಬರೆಯುತ್ತಿದ್ದೇನೆ. ಊರಲ್ಲಿ ಇರುವವರಿಗೂ ಕೆಲವು ಮಾತು ಇದೆ.

ಮೊದಲು ಇದು ಏನು ಅಂತ ತಿಳಿಯಿರಿ

1993ರ ಮೇ ತಿಂಗಳು. ಅರಿಜೋನಾ, ನ್ಯೂ ಮೆಕ್ಸಿಕೋ, ಕೊಲೊರಾಡೋ, ಯೂಟಾ ರಾಜ್ಯಗಳ ಗಡಿ ಒಂದೇ ಬಿಂದುವಿನಲ್ಲಿ ಸೇರುವ ಜಾಗಕ್ಕೆ ಫೋರ್ ಕಾರ್ನರ್ಸ್ ಅನ್ನುತ್ತಾರೆ. ಅಲ್ಲಿ ಗಟ್ಟಿಮುಟ್ಟಾಗಿದ್ದ ಹರೆಯದವರು ಒಬ್ಬರ ಹಿಂದೆ ಒಬ್ಬರು ಉಸಿರು ಕಟ್ಟಿ ತೀರಿಕೊಂಡರು. ಮೊದಲಿಗೆ ಜ್ವರ, ಮೈಕೈ ನೋವು. ಆಮೇಲೆ ನೋಡನೋಡುತ್ತಾ ಶ್ವಾಸಕೋಶದಲ್ಲಿ ನೀರು. ಸತ್ತವರಲ್ಲಿ ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನಾಂಗದವರು ಹಲವರಿದ್ದರು. ಪತ್ರಿಕೆಗಳು ಇದನ್ನು "ನವಾಹೋ ಫ್ಲೂ" ಅಂತ ಕರೆದವು. ಆ ಹೆಸರಿನಿಂದ ಆ ಜನ ಪಟ್ಟ ಅವಮಾನ ಸಣ್ಣದಲ್ಲ. ರೋಗಕ್ಕೆ ಜನಾಂಗದ ಹೆಸರು ಅಂಟಿಸುವುದು ಆಗಲೂ ತಪ್ಪು, ಈಗಲೂ ತಪ್ಪು.

ಕೆಲವೇ ವಾರಗಳಲ್ಲಿ ವಿಜ್ಞಾನಿಗಳು ಕಾರಣ ಹಿಡಿದರು. ಅದು ಹಂಟಾವೈರಸ್ ಗುಂಪಿನ ಹೊಸ ವೈರಸ್. ಹೊತ್ತು ತಿರುಗುತ್ತಿದ್ದದ್ದು ಡೀರ್ ಮೌಸ್ ಎಂಬ ಪುಟ್ಟ ಇಲಿ. ಹಿಡಿದು ಪರೀಕ್ಷೆ ಮಾಡಿದ ಡೀರ್ ಮೌಸ್‌ಗಳಲ್ಲಿ ಸುಮಾರು ಶೇ 30ರಷ್ಟಕ್ಕೆ ಸೋಂಕು ತಗುಲಿತ್ತು. ಆ ಇಲಿಗಳು ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದವು.

ಆ ವರ್ಷವೇ ಯಾಕೆ? ಅದಕ್ಕೆ ಉತ್ತರ ಮಳೆಯಲ್ಲಿ ಸಿಕ್ಕಿತು. ಹಲವು ವರ್ಷದ ಬರದ ನಂತರ ಆ ಚಳಿಗಾಲ ಹಿಮ, ಮಳೆ ಚೆನ್ನಾಗಿ ಬಿದ್ದವು. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗುವ ಎಲ್ ನಿನೋ ವರ್ಷ ಅದು. ಕಾಡಲ್ಲಿ ಪಿನ್ಯಾನ್ ಮರದ ಬೀಜ, ಹುಲ್ಲು, ಹುಳ ಎಲ್ಲ ಜಾಸ್ತಿಯಾದವು. ತಿನ್ನಲು ಸಿಕ್ಕಿದ ಮೇಲೆ ಇಲಿ ಸುಮ್ಮನಿರುತ್ತದಾ? 1992ರ ಮೇಗಿಂತ 1993ರ ಮೇ ಹೊತ್ತಿಗೆ ಇಲಿಗಳ ಸಂಖ್ಯೆ ಹತ್ತು ಪಟ್ಟಾಗಿತ್ತು. ಹೊರಗೆ ಜಾಗ ಸಾಲದೆ ಮನೆ, ಶೆಡ್ಡು, ಕಾರಿನ ಎಂಜಿನ್ ಎಲ್ಲದರೊಳಗೂ ನುಗ್ಗಿದವು.

ನವಾಹೋ ಹಿರಿಯರಿಗೆ ಈ ರೋಗ ಹೊಸದಾಗಿರಲಿಲ್ಲ. ಇಂಥದ್ದೇ ಒಂದು ಕಾಯಿಲೆ ಅವರ ವೈದ್ಯ ಪರಂಪರೆಯಲ್ಲಿ ಮೊದಲಿನಿಂದ ಇತ್ತು. ಅದಕ್ಕೂ ಇಲಿಗೂ ಅವರು ನಂಟು ಹೇಳುತ್ತಿದ್ದರು. ಇಲಿಯನ್ನು ಮನೆಯಿಂದ, ಊಟದಿಂದ, ಬಟ್ಟೆಯಿಂದ ದೂರ ಇಡಬೇಕು ಅನ್ನುವುದು ಅವರಲ್ಲಿ ಹಳೇ ಮಾತು. ಪ್ರಯೋಗಾಲಯ ಕೊನೆಗೆ ಹೇಳಿದ್ದೂ ಅದನ್ನೇ.

ವೈರಸ್‌ಗೆ ಊರಿನ ಹೆಸರು ಇಡಲು ಹೊರಟಾಗ ಸ್ಥಳೀಯರು ಬೇಡ ಎಂದರು. ಕೊನೆಗೆ "ಸಿನ್ ನೊಂಬ್ರೆ" ಎಂದು ಇಟ್ಟರು. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ "ಹೆಸರಿಲ್ಲದ್ದು".

ಇದು ತೀರಾ ಅಪರೂಪದ ರೋಗ. 1993ರಿಂದ 2022ರ ಕೊನೆವರೆಗೆ ಇಡೀ ಅಮೆರಿಕದಲ್ಲಿ ದಾಖಲಾದ ಹಂಟಾವೈರಸ್ ಪ್ರಕರಣ 864. ಆದರೆ ಉಸಿರಾಟಕ್ಕೆ ತೊಂದರೆ ಬರುವ ಹಂತ ಮುಟ್ಟಿದವರಲ್ಲಿ ನೂರಕ್ಕೆ ಸುಮಾರು 38 ಜನ ಉಳಿಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಸಾಂತಾ ಫೆ ಊರಲ್ಲಿ ನಟ ಜೀನ್ ಹ್ಯಾಕ್‌ಮನ್ ಅವರ ಪತ್ನಿ ತೀರಿಕೊಂಡದ್ದು ಇದೇ ರೋಗದಿಂದ. ಅಪರೂಪ ಆದ್ದರಿಂದ ದಿನಾ ಹೆದರಿಕೊಂಡು ಕೂರಬೇಕಿಲ್ಲ. ಪೊರಕೆ ಹಿಡಿಯುವ ಆ ಹತ್ತು ನಿಮಿಷ ಮಾತ್ರ ಎಚ್ಚರ ತಪ್ಪಬಾರದು.

ಇಲಿಗೂ ವೈರಸ್‌ಗೂ ಇರುವ ಹಳೇ ಒಡನಾಟ

ಈ ಭಾಗ ಬಿಟ್ಟು ಸೀದಾ ಹೆಜ್ಜೆಗಳಿಗೆ ಹೋಗಬಹುದು. ಆದರೆ ಇದನ್ನು ಓದಿದರೆ ಆ ಹೆಜ್ಜೆಗಳು ಯಾಕೆ ಹಾಗಿವೆ ಅಂತ ಗೊತ್ತಾಗುತ್ತದೆ. ಕಾರಣ ಗೊತ್ತಿದ್ದರೆ ಯಾವುದನ್ನೂ ಮರೆಯುವುದಿಲ್ಲ.

1951ರಿಂದ 1953ರ ನಡುವೆ ಕೊರಿಯಾ ಯುದ್ಧದಲ್ಲಿ ವಿಶ್ವಸಂಸ್ಥೆಯ ಸುಮಾರು 3,000 ಸೈನಿಕರಿಗೆ ಜ್ವರ ಬಂದು, ರಕ್ತಸ್ರಾವ ಆಗಿ, ಮೂತ್ರಪಿಂಡ ಕೆಟ್ಟಿತು. ಕಾರಣ ಯಾರಿಗೂ ತಿಳಿಯಲಿಲ್ಲ. ಸುಮಾರು ಇಪ್ಪತ್ತೈದು ವರ್ಷ ಕಳೆದು, 1976ರಲ್ಲಿ, ಕೊರಿಯಾದ ವಿಜ್ಞಾನಿ ಹೋ ವಾಂಗ್ ಲೀ ಹೊಲದ ಪಟ್ಟೆ ಇಲಿಯ ಶ್ವಾಸಕೋಶದಲ್ಲಿ ಅದರ ಸುಳಿವು ಕಂಡುಹಿಡಿದರು. ಹತ್ತಿರದ ಹಂಟಾನ್ ನದಿಯ ಹೆಸರು ವೈರಸ್‌ಗೆ ಬಂತು. ಇಡೀ ಗುಂಪಿಗೆ ಹಂಟಾ ಅನ್ನುವ ಹೆಸರು ಅಲ್ಲಿಂದ.

ಇದಕ್ಕೂ ಮೊದಲೇ ಇದೇ ಗುಂಪಿನ ಒಂದು ವೈರಸ್ ನಮ್ಮ ಪಕ್ಕದಲ್ಲೇ ಸಿಕ್ಕಿತ್ತು. 1964ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ಒಂದು ಮೂಗಿಲಿಯಲ್ಲಿ. ಕೆಲವು ಕಡೆ ಸೊಂಡಿಲಿ ಅನ್ನುತ್ತೇವಲ್ಲ, ಉದ್ದ ಮೂತಿ, ಕೆಟ್ಟ ವಾಸನೆ, ರಾತ್ರಿ ಗೋಡೆ ಅಂಚಲ್ಲಿ ಚೀಂ ಚೀಂ ಅಂತ ಓಡುತ್ತದೆ, ಅದೇ. ನಿಜ ಹೇಳಬೇಕೆಂದರೆ ಅದು ಇಲಿಯ ಜಾತಿಯೇ ಅಲ್ಲ. ವೈರಸ್‌ಗೆ ತೋಟ್ಟಪಾಳಯಂ ಎಂದು ಹೆಸರಾಯಿತು. ಅದು ಹಂಟಾ ಗುಂಪಿಗೆ ಸೇರಿದ್ದು ಅಂತ ತಿಳಿದದ್ದು ಬಹಳ ವರ್ಷದ ನಂತರ.

ಹಂಟಾವೈರಸ್‌ಗಳ ಕುಟುಂಬ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಒಂದೊಂದು ವೈರಸ್‌ಗೆ ಒಂದೊಂದು ಪ್ರಾಣಿ. ಸಿನ್ ನೊಂಬ್ರೆಗೆ ಡೀರ್ ಮೌಸ್. ಯುರೋಪಿನ ಪ್ಯೂಮಲಾಗೆ ಬ್ಯಾಂಕ್ ವೋಲ್ ಎಂಬ ಮೊಂಡ ಮೂತಿಯ ಕಾಡಿಲಿ. ಸೋಲ್ ವೈರಸ್‌ಗೆ ಚರಂಡಿಯ ಕಂದು ಇಲಿ. ಇಲಿಯ ವಂಶ ಕವಲೊಡೆದಾಗಲೆಲ್ಲ ವೈರಸ್‌ನ ವಂಶವೂ ಜೊತೆಗೇ ಕವಲೊಡೆಯಿತು ಅಂತ ವಿಜ್ಞಾನಿಗಳು ಬಹಳ ದಿನ ನಂಬಿದ್ದರು. ಆಮೇಲೆ ಮೂಗಿಲಿ, ನೆಲ ಅಗೆಯುವ ಮೋಲ್, ಬಾವಲಿಗಳಲ್ಲೂ ಹಂಟಾ ಸಿಕ್ಕವು. ಎರಡು ವಂಶವೃಕ್ಷ ಪಕ್ಕಪಕ್ಕ ಇಟ್ಟರೆ ಎಲ್ಲ ಕಡೆ ತಾಳೆ ಆಗಲಿಲ್ಲ. ಅಂದರೆ ಆಗಾಗ ವೈರಸ್ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹಾರಿ ಅಲ್ಲೇ ನೆಲೆಯೂರಿದೆ.

ಹಾರಲು ಅದಕ್ಕೆ ಎರಡು ಅನುಕೂಲ ಇದೆ. ಇದು ಆರ್‌ಎನ್‌ಎ ವೈರಸ್. ತನ್ನ ನಕಲು ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆ ಇದಕ್ಕಿಲ್ಲ, ಹಾಗಾಗಿ ಸಣ್ಣಪುಟ್ಟ ಬದಲಾವಣೆ ಆಗುತ್ತಲೇ ಇರುತ್ತವೆ. ಇನ್ನೊಂದು, ಅದರ ಜೀನುಗಳು ಮೂರು ಬೇರೆ ಬೇರೆ ತುಂಡುಗಳಲ್ಲಿವೆ. ಒಂದೇ ಇಲಿಯಲ್ಲಿ ಎರಡು ತಳಿ ಸೇರಿದರೆ ಈ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು.

ಸೋಂಕು ತಗುಲಿದ ಇಲಿಗೆ ಹೆಚ್ಚಿನ ತೊಂದರೆ ಆಗುವುದಿಲ್ಲ. ಇಲಿ ಬದುಕಿರುವಷ್ಟು ಕಾಲ ವೈರಸ್ ಒಳಗೇ ಇರುತ್ತದೆ. ಗಂಡು ಇಲಿಗಳು ಕಚ್ಚಾಡುವಾಗ ಒಂದರಿಂದ ಒಂದಕ್ಕೆ ದಾಟುತ್ತದೆ. ಮೂತ್ರ, ಹಿಕ್ಕೆ, ಎಂಜಲಿನಲ್ಲಿ ಹೊರಗೆ ಬರುತ್ತದೆ. ನಾವು ಈ ಕಥೆಯಲ್ಲಿ ದಾರಿಯಲ್ಲಿ ಅಡ್ಡ ಸಿಕ್ಕವರು. ಮನುಷ್ಯನ ಮೈ ಸೇರಿದ ಸಿನ್ ನೊಂಬ್ರೆ ಇನ್ನೊಬ್ಬ ಮನುಷ್ಯನಿಗೆ ಹೋಗುವುದಿಲ್ಲ.

ಇದಕ್ಕೆ ಒಂದು ಅಪವಾದ ಇದೆ. ಅರ್ಜೆಂಟೀನಾ, ಚಿಲಿಯಲ್ಲಿರುವ ಆಂಡೀಸ್ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. 2018ರ ನವೆಂಬರ್‌ನಿಂದ 2019ರ ಫೆಬ್ರವರಿವರೆಗೆ ಅರ್ಜೆಂಟೀನಾದ ಎಪುಯೆನ್ ಎಂಬ ಸಣ್ಣ ಊರಲ್ಲಿ 34 ಜನರಿಗೆ ಬಂತು, 11 ಜನ ತೀರಿಕೊಂಡರು. ಹರಡಲು ಶುರುವಾದದ್ದು ಒಂದು ಹುಟ್ಟುಹಬ್ಬದ ಕೂಟದಲ್ಲಿ. ಆದ್ದರಿಂದ "ಹಂಟಾ ಮನುಷ್ಯರಿಂದ ಹರಡಲ್ಲ" ಎಂದು ಯಾರಾದರೂ ಹೇಳಿದರೆ, ಯಾವ ಹಂಟಾ ಅಂತ ಕೇಳಬೇಕು.

ವೈರಸ್ ಜಗತ್ತು ಸುತ್ತಿದ ದಾರಿಯೂ ಇಲಿಯದ್ದೇ. ಕಂದು ಇಲಿ ಹಡಗು ಹತ್ತಿ ಬಂದರಿನಿಂದ ಬಂದರಿಗೆ ಹೋಯಿತು, ಸೋಲ್ ವೈರಸ್ ಜೊತೆಗೆ ಹೋಯಿತು. 2017ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಮನೆಯಲ್ಲಿ ಮುದ್ದಿಗೆ ಸಾಕಿದ ಇಲಿಗಳಿಂದಲೇ ಜನರಿಗೆ ಸೋಲ್ ವೈರಸ್ ಬಂತು. ಮಕ್ಕಳಿಗೆ ಇಲಿ, ಹ್ಯಾಮ್‌ಸ್ಟರ್ ಕೊಡಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಹೆಜ್ಜೆ 1: ಯಾವ ಇಲಿ ಅಂತ ನೋಡಿ, ಆದರೆ ಮುಟ್ಟಬೇಡಿ

ಡೀರ್ ಮೌಸ್ ಗುರುತಿಸುವುದು ಕಷ್ಟವಲ್ಲ. ಬೆನ್ನು ಕಂದು, ಹೊಟ್ಟೆ ಮತ್ತು ಪಾದ ಬಿಳಿ. ಬಾಲವೂ ಎರಡು ಬಣ್ಣ: ಮೇಲೆ ಕಪ್ಪು, ಕೆಳಗೆ ಬಿಳಿ. ಕಣ್ಣು ದಪ್ಪ, ಕಿವಿ ದೊಡ್ಡದು. ಮನೆಗಳಲ್ಲಿ ಸಿಗುವ ಸಾಮಾನ್ಯ ಚಿಟ್ಟಿಲಿ ಮೈಯೆಲ್ಲ ಒಂದೇ ಬೂದು ಬಣ್ಣ, ಬಾಲವೂ ಹಾಗೇ. ನೋಡಲು ಡೀರ್ ಮೌಸ್ ಮುದ್ದಾಗಿದೆ. ಮಕ್ಕಳು ಕೈ ಹಾಕಲು ಹೋಗುತ್ತಾರೆ, ಮೊದಲೇ ಹೇಳಿಟ್ಟಿರಿ.

ಇಲಿ ಕಾಣದೆ ಬರೀ ಹಿಕ್ಕೆ ಕಂಡರೆ ಯಾವ ಇಲಿ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಡೀರ್ ಮೌಸ್ ಅಂತಲೇ ಇಟ್ಟುಕೊಳ್ಳಿ.

ಹೆಜ್ಜೆ 2: ಮೊದಲು ಬೋನು, ಆಮೇಲೆ ಸ್ವಚ್ಛ

ಇಲಿ ಇನ್ನೂ ಓಡಾಡುತ್ತಿರುವಾಗ ತೊಳೆದರೆ ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಹಿಕ್ಕೆ. ಸ್ಪ್ರಿಂಗ್ ಬಡಿಯುವ ಮರದ ಟ್ರ್ಯಾಪ್ ಒಳ್ಳೆಯದು. ಗೋಡೆಗೆ ಅಡ್ಡವಾಗಿ, ತಿಂಡಿ ಇರುವ ತುದಿ ಗೋಡೆಗೆ ತಾಗುವ ಹಾಗೆ ಇಡಿ. ಇಲಿ ಯಾವಾಗಲೂ ಗೋಡೆ ಅಂಚು ಹಿಡಿದೇ ಓಡುತ್ತದೆ. ತಿಂಡಿಗೆ ಕಡಲೆಬೀಜದ ಬೆಣ್ಣೆ ಬಟಾಣಿ ಕಾಳಿನಷ್ಟು ಸಾಕು. ಅಮ್ಮ ಕೊಬ್ಬರಿ ಚೂರು ಸುಟ್ಟು ಸಿಕ್ಕಿಸಿದಳು, ಅದಕ್ಕೂ ಬಿತ್ತು.

ಅಂಟಿನ ಪ್ಯಾಡ್ ಬೇಡ. ಜೀವಂತ ಸಿಕ್ಕಿಕೊಂಡ ಇಲಿ ಹೆದರಿ ಮೂತ್ರ ಮಾಡುತ್ತದೆ. ನಾವು ದೂರ ಇಡಬೇಕಾದದ್ದೇ ಅದನ್ನು. ಅದೂ ಅಲ್ಲದೆ ಆ ಜೀವ ನರಳುವುದನ್ನು ನೋಡಲಾಗುವುದಿಲ್ಲ. ಜೀವಂತ ಹಿಡಿಯುವ ಬೋನಿನದ್ದೂ ಇದೇ ತೊಂದರೆ.

ಒಂದು ವಾರ ಯಾವ ಬೋನಿಗೂ ಏನೂ ಬೀಳದಿದ್ದರೆ ಆಗ ಸ್ವಚ್ಛ ಮಾಡಲು ಶುರು ಮಾಡಿ.

ಬರೀ ಬೋನಿನಿಂದ ಏನಾಗುತ್ತದೆ ಅನ್ನುವವರಿಗೆ ಬೊಲಿವಿಯಾದ ಸಾನ್ ಹೊಆಕಿನ್ ಊರಿನ ಕಥೆ ಹೇಳಬೇಕು. 1960ರ ದಶಕದ ಮೊದಲಲ್ಲಿ ಅಲ್ಲಿ ಮಚುಪೋ ಎಂಬ ಬೇರೆ ಗುಂಪಿನ ವೈರಸ್ ಮನೆ ಮನೆಯಲ್ಲೂ ಸಾವು ತಂದಿತ್ತು. ಊರಲ್ಲಿ ಬೆಕ್ಕುಗಳು ಸತ್ತು ಕಡಿಮೆಯಾಗಿದ್ದವು, ಕ್ಯಾಲೋಮಿಸ್ ಎಂಬ ಇಲಿ ಮನೆಯೊಳಗೆ ತುಂಬಿತ್ತು. ಔಷಧಿ ಇರಲಿಲ್ಲ, ಲಸಿಕೆ ಇರಲಿಲ್ಲ. ಮನೆ ಮನೆಗೂ ಬೋನು ಇಟ್ಟು ಇಲಿ ಹಿಡಿದರು. ಎರಡು ವಾರದಲ್ಲಿ ಹೊಸ ರೋಗಿಗಳು ಬರುವುದು ನಿಲ್ಲುತ್ತಾ ಬಂತು.

ಹೆಜ್ಜೆ 3: ಬಾಗಿಲು ತೆಗೆದು ಆಚೆ ಹೋಗಿ

ಕಿಟಕಿ ಬಾಗಿಲು ಎಲ್ಲ ತೆಗೆಯಿರಿ. ಎದುರುಬದುರು ಇದ್ದರೆ ಎರಡೂ ಕಡೆ. ತೆಗೆದ ಕೂಡಲೇ ಆಚೆ ಬಂದು ಅರ್ಧ ಗಂಟೆ ದೂರ ಇರಿ. ಒಳಗೆ ನಿಂತ ಗಾಳಿ ಹೊರಗೆ ಹೋಗಲಿ. ಫ್ಯಾನ್ ಹಾಕಬೇಡಿ, ಧೂಳು ಎಬ್ಬಿಸುತ್ತದೆ. ಆ ಹೊತ್ತಲ್ಲಿ ಕಾಫಿ ಕುಡಿಯಿರಿ, ಮುಂದಿನ ಹೆಜ್ಜೆಯ ಸಾಮಾನು ಜೋಡಿಸಿಕೊಳ್ಳಿ.

ಹೆಜ್ಜೆ 4: ಬ್ಲೀಚ್ ನೀರು ಕಲಸಿ

ಹಂಟಾವೈರಸ್ ಸುತ್ತ ಕೊಬ್ಬಿನ ತೆಳ್ಳನೆ ಪೊರೆ ಇದೆ. ಸೋಪು, ಬ್ಲೀಚ್, ಆಲ್ಕೋಹಾಲ್ ಮುಟ್ಟಿದರೆ ಆ ಪೊರೆ ಒಡೆದು ವೈರಸ್ ಸಾಯುತ್ತದೆ. ಒಳಗೆ ಅಷ್ಟು ಕ್ರೂರವಾದದ್ದು ಹೊರಗೆ ಇಷ್ಟು ದುರ್ಬಲ. ನಮಗೆ ಸಿಕ್ಕಿರುವ ದೊಡ್ಡ ಅನುಕೂಲ ಇದು.

ಬಟ್ಟೆಗೆ ಹಾಕುವ ಮಾಮೂಲಿ ಬ್ಲೀಚ್ 1 ಪಾಲು, ನೀರು 9 ಪಾಲು. ಅಮೆರಿಕದ ಅಳತೆಯಲ್ಲಿ ಒಂದು ಗ್ಯಾಲನ್ ನೀರಿಗೆ ಒಂದೂವರೆ ಕಪ್. ಆಗಿಂದಾಗಲೇ ಕಲಸಿ, ನಿನ್ನೆಯದ್ದು ಬೇಡ. ಬ್ಲೀಚ್ ಇಲ್ಲದಿದ್ದರೆ, ಸೋಂಕು ನಿವಾರಕ ಎಂದು ಲೇಬಲ್ ಇರುವ ನೆಲ ಒರೆಸುವ ದ್ರಾವಣ ನಡೆಯುತ್ತದೆ. ಅಳತೆ ಲೇಬಲ್ ಹೇಳಿದಷ್ಟೇ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ಅಮೋನಿಯಾ ಇರುವ ಯಾವುದನ್ನೂ ಸೇರಿಸಬೇಡಿ. ವಿಷದ ಗಾಳಿ ಬರುತ್ತದೆ. ಇಲಿಯ ರೋಗ ತಪ್ಪಿಸಲು ಹೋಗಿ ಬಚ್ಚಲಲ್ಲಿ ತಲೆ ತಿರುಗಿ ಬೀಳುವುದು ಬೇಡ.

ಕೈಗೆ ರಬ್ಬರ್ ಗ್ಲೌಸ್. ಒಂದೆರಡು ಹಿಕ್ಕೆ ಇರುವ ಕಡೆ ಅಷ್ಟೇ ಸಾಕು. ಗೂಡು, ರಾಶಿ ಹಿಕ್ಕೆ ಇದ್ದರೆ, ಗಾಳಿ ಆಡದ ಜಾಗವಾದರೆ ಎನ್95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವ ಹಾಗೆ ಹಾಕಿ. ಬಟ್ಟೆಯ ಮಾಸ್ಕ್, ಮೂಗಿಗೆ ಕಟ್ಟಿದ ಕರ್ಚೀಫು ಇದಕ್ಕೆ ಆಗುವುದಿಲ್ಲ. ಮನೆಯ ಮಾಡು, ಗೋಡೆಯ ಒಳಗೆಲ್ಲ ತುಂಬಿಕೊಂಡಿದ್ದರೆ ಈ ಕೆಲಸದ ಕಂಪನಿಯವರನ್ನು ಕರೆಸುವುದೇ ಸರಿ.

ಹೆಜ್ಜೆ 5: ನೆನೆಸಿ, ಕಾಯಿರಿ, ಒರೆಸಿ

ಇದೇ ಮುಖ್ಯ ಹೆಜ್ಜೆ. ಪೊರಕೆ ಬೇಡ. ವ್ಯಾಕ್ಯೂಮ್ ಅಂತೂ ಬೇಡವೇ ಬೇಡ. ಅದು ಹಿಂದಿನಿಂದ ಸಣ್ಣ ಧೂಳನ್ನು ಕೋಣೆ ತುಂಬ ಊದುತ್ತದೆ. ಜೋರಾಗಿ ನೀರು ಹಾಯಿಸುವ ಪೈಪೂ ಬೇಡ, ಅದೂ ಹನಿ ಎಬ್ಬಿಸುತ್ತದೆ.

ನಾವು ಮಾಡಿದ್ದು ಹೀಗೆ. ಸ್ಪ್ರೇ ಬಾಟಲಿಯ ಮೂತಿ ಸ್ವಲ್ಪ ತಿರುಗಿಸಿ ಹನಿ ದಪ್ಪ ಮಾಡಿದೆ, ಒತ್ತಿದರೆ ಮೆಲ್ಲಗೆ ಸುರಿಯುವ ಹಾಗೆ. ಮೊದಲು ಹಿಕ್ಕೆಗಳ ಮೇಲೆ. ಒಣಗಿ ಕಪ್ಪಗಿದ್ದವು ನೀರು ಹೀರಿ ಮೆತ್ತಗಾಗಿ, ಸುತ್ತ ಕಂದು ಬಣ್ಣ ಬಿಡತೊಡಗಿದವು. ಆಮೇಲೆ ಗೂಡಿನ ಮೇಲೆ. ಹತ್ತಿ ಮೊದಲಿಗೆ ನೀರನ್ನು ಮೇಲೇ ನಿಲ್ಲಿಸಿಕೊಂಡಿತು, ಒಳಗೆ ಇಳಿಯಲಿಲ್ಲ. ಎರಡು ಮೂರು ಸಲ ಹಾಕಿದ ಮೇಲೆ ಇಡೀ ಗೂಡು ಕುಸಿದು ಒದ್ದೆ ಮುದ್ದೆಯಾಯಿತು. ಹಾಗೆ ಆಗುವವರೆಗೆ ಹಾಕುವುದನ್ನು ನಿಲ್ಲಿಸಬಾರದು. ಮೇಲೆ ಒದ್ದೆ, ಒಳಗೆ ಒಣ ಇದ್ದರೆ ಎತ್ತುವಾಗ ಧೂಳು ಏಳುತ್ತದೆ.

ಚೆನ್ನಾಗಿ ನೆಂದ ಮೇಲೆ ಐದು ನಿಮಿಷ ಕಾಯಿರಿ. ಗಡಿಯಾರ ನೋಡಿಕೊಂಡೇ ಕಾಯಿರಿ, ಅಂದಾಜಿನ ಐದು ನಿಮಿಷ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಪೇಪರ್ ಟವೆಲ್‌ನಿಂದ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ. ಚೀಲ ಕಟ್ಟಿ ಇನ್ನೊಂದು ಚೀಲದೊಳಗೆ, ಅದನ್ನು ಮುಚ್ಚಳ ಇರುವ ಕಸದ ಡಬ್ಬಿಗೆ. ಬೋನಿಗೆ ಬಿದ್ದ ಸತ್ತ ಇಲಿಗೂ ಇದೇ ಕ್ರಮ: ನೆನೆಸು, ಕಾಯಿ, ಎರಡು ಚೀಲ.

ಆಮೇಲೆ ನೆಲ, ಶೆಲ್ಫು, ಡ್ರಾಯರ್ ಎಲ್ಲ ಅದೇ ನೀರಲ್ಲಿ ಒರೆಸಿ. ಕೊನೆಗೆ ಗ್ಲೌಸ್ ಕೈಯಲ್ಲಿ ಇರುವಾಗಲೇ ಸೋಪು ಹಾಕಿ ತೊಳೆದು, ನಂತರ ತೆಗೆದು, ಬರಿಗೈಯನ್ನು ಮತ್ತೆ ಸೋಪಿನಲ್ಲಿ ತೊಳೆಯಿರಿ. ಹಾಕಿಕೊಂಡಿದ್ದ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ.

ಹಾಸಿಗೆ ಬಟ್ಟೆ ಬಿಸಿನೀರಿಗೆ. ಕಾರ್ಪೆಟ್ಟಿಗೆ ಬ್ಲೀಚ್ ಹಾಕಿದರೆ ಬಣ್ಣ ಹೋಗುತ್ತದೆ, ಬೇರೆ ಸೋಂಕು ನಿವಾರಕ ಹಾಕಿ ನೆನೆಸಿ, ಆಮೇಲೆ ಶಾಂಪೂ ಅಥವಾ ಹಬೆಯಲ್ಲಿ ತೊಳೆಯಿರಿ. ಒದ್ದೆ ಮಾಡಲಾಗದ ಪುಸ್ತಕ, ಕಾಗದಗಳನ್ನು ಹಲವು ಗಂಟೆ ಬಿಸಿಲಿಗೆ ಹರಡಿ. ಬಿಸಿಲು ಈ ವೈರಸ್‌ಗೆ ಆಗಿಬರುವುದಿಲ್ಲ. ತಂಪು, ಕತ್ತಲೆ ಇದ್ದರೆ ಜಾಸ್ತಿ ದಿನ ಉಳಿಯುತ್ತದೆ. ಮುಚ್ಚಿಟ್ಟ ಕೋಣೆಯ ಭಯ ಅದಕ್ಕೇ.

ಕಾರನ್ನು ಮರೆಯಬೇಡಿ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟಿರುತ್ತವೆ. ಊರಿಗೆ ಹೋಗಿ ಬಂದವರು ಸೀದಾ ಎಸಿ ಹಾಕಿದರೆ ಗಾಳಿ ಆ ಗೂಡಿನ ಮೂಲಕವೇ ಮುಖಕ್ಕೆ ಬರುತ್ತದೆ. ಮೊದಲು ಬಾನೆಟ್ ತೆಗೆದು ನೋಡಿ. ಎಂಜಿನ್ ತಣ್ಣಗಿರಬೇಕು.

ಹೆಜ್ಜೆ 6: ಸಂದು ಮುಚ್ಚಿ, ಡಬ್ಬಿ ಮುಚ್ಚಿ

ಚಿಟ್ಟಿಲಿಗೆ ಆರು ಮಿಲಿಮೀಟರ್ ಸಂದು ಸಾಕು, ಪೆನ್ಸಿಲ್ ತೂರುವಷ್ಟು. ಪೈಪು ಗೋಡೆಯೊಳಗೆ ಹೋಗುವ ಜಾಗ, ಬಾಗಿಲಿನ ಕೆಳಗೆ, ಡ್ರೈಯರ್‌ನ ಹಿಂದೆ, ಸಿಂಕಿನ ಅಡಿ ಟಾರ್ಚ್ ಹಾಕಿ ನೋಡಿ. ಸ್ಟೀಲ್ ಉಣ್ಣೆಯನ್ನು ಗಟ್ಟಿಯಾಗಿ ತುರುಕಿ ಮೇಲೆ ಸೀಲೆಂಟ್ ಹಾಕಿ. ಬರೀ ಬಟ್ಟೆ, ಥರ್ಮೋಕೋಲ್ ತುರುಕಿದರೆ ಕಡಿದು ಬರುತ್ತವೆ.

2012ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದ 10 ಜನ ಪ್ರವಾಸಿಗರಿಗೆ ಹಂಟಾ ಬಂತು, 3 ಜನ ತೀರಿಕೊಂಡರು. ಹೆಚ್ಚಿನವರು ಉಳಿದುಕೊಂಡಿದ್ದು ಹೊಸ ಮಾದರಿಯ ಟೆಂಟ್ ಕ್ಯಾಬಿನ್‌ಗಳಲ್ಲಿ. ಚಳಿ ತಡೆಯಲಿ ಎಂದು ಅದಕ್ಕೆ ಎರಡು ಪದರದ ಗೋಡೆ ಮಾಡಿದ್ದರು. ಆ ಎರಡು ಪದರದ ನಡುವೆ ಡೀರ್ ಮೌಸ್ ಸಂಸಾರ ಹೂಡಿತ್ತು. ಕ್ಯಾಬಿನ್‌ಗೆ ಹೋದ ತಕ್ಷಣ ಮೂಲೆ, ಮಂಚದ ಕೆಳಗೆ, ಹಾಸಿಗೆ ಮೇಲೆ ನೋಡಿ. ಹಿಕ್ಕೆ ಕಂಡರೆ ನೀವೇ ಗುಡಿಸಲು ಹೋಗಬೇಡಿ, ಬೇರೆ ಕೋಣೆ ಕೇಳಿ. ಕೊಡದಿದ್ದರೆ ಹೊರಡಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಅಕ್ಕಿ, ಬೇಳೆ, ನಾಯಿಯ ಊಟ, ಹಕ್ಕಿ ಕಾಳು ಎಲ್ಲ ಮುಚ್ಚಳ ಬಿಗಿಯಾದ ಸ್ಟೀಲ್, ಗಾಜು ಅಥವಾ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ. ನಮ್ಮವರ ಮನೆಯಲ್ಲಿ ಗ್ಯಾರೇಜಿನಲ್ಲಿ 20 ಪೌಂಡಿನ ಅಕ್ಕಿ ಚೀಲ ಹಾಗೇ ನಿಲ್ಲಿಸಿರುತ್ತೇವೆ ಅಲ್ವಾ, ಅದೇ ಇಲಿಗೆ ಕರೆಯೋಲೆ. ಈ ಡಬ್ಬಿಯ ಮಾತು ಪಶ್ಚಿಮ ಆಫ್ರಿಕಾದಲ್ಲಿ ಇನ್ನೂ ದೊಡ್ಡದು. 1969ರಲ್ಲಿ ನೈಜೀರಿಯಾದ ಲಾಸಾ ಊರಿನಲ್ಲಿ ಗುರುತಿಸಿದ ಲಾಸಾ ಜ್ವರ ಮಾಸ್ಟೋಮಿಸ್ ಎಂಬ ಇಲಿಯಿಂದ ಬರುತ್ತದೆ. ಆ ಇಲಿ ಕಾಳು ಹುಡುಕಿಕೊಂಡು ಮನೆಯೊಳಗೇ ಬರುತ್ತದೆ, ಆಹಾರದ ಮೇಲೆ ಮೂತ್ರ ಮಾಡುತ್ತದೆ. ಅಲ್ಲಿ ಜನರಿಗೆ ಹೇಳುವ ಮೊದಲ ಮಾತೇ ಕಾಳು ಮುಚ್ಚಿಡಿ ಅಂತ. ಲಾಸಾ ಆಸ್ಪತ್ರೆಗಳಲ್ಲಿ ರೋಗಿಯಿಂದ ನರ್ಸುಗಳಿಗೂ ದಾಟಿ ಹಲವರ ಪ್ರಾಣ ತೆಗೆದಿದೆ.

ಊರಲ್ಲಿ ಇರುವವರಿಗೆ

2020ರ ಮಾರ್ಚ್‌ನಲ್ಲಿ ಚೀನಾದಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದ ಒಬ್ಬರು ಹಂಟಾದಿಂದ ಸತ್ತ ಸುದ್ದಿ ಬಂದಾಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ಕೊರೊನಾ ಆಯ್ತು, ಈಗ ಇದು" ಎಂದು ಮೆಸೇಜ್ ಮೇಲೆ ಮೆಸೇಜ್. ಹಂಟಾ ಹಾಗೆ ಊರೂರಿಗೆ ಹರಡುವ ವೈರಸ್ ಅಲ್ಲ. ಡೀರ್ ಮೌಸ್ ಇರುವುದು ಉತ್ತರ ಅಮೆರಿಕದಲ್ಲಿ, ನಮ್ಮ ಕಣಜದಲ್ಲಿ ಅದು ಇಲ್ಲ.

ಕರ್ನಾಟಕದಲ್ಲಿ "ಇಲಿ ಜ್ವರ" ಎಂದರೆ ಲೆಪ್ಟೊಸ್ಪೈರೋಸಿಸ್. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಇಲಿ ಮೂತ್ರ ಸೇರಿದ ಗದ್ದೆ ನೀರು, ಚರಂಡಿ ನೀರಿನಲ್ಲಿ ಗಾಯದ ಕಾಲಿಟ್ಟರೆ ಬರುತ್ತದೆ. ಅದಕ್ಕೆ ಆಂಟಿಬಯೋಟಿಕ್ ಇದೆ, ಬೇಗ ಶುರು ಮಾಡಿದರೆ ಗುಣವಾಗುತ್ತದೆ. ಹೆಸರು ಒಂದೇ ಥರ ಕೇಳಿಸುತ್ತದೆ ಎಂದು ಇವೆರಡನ್ನು ಬೆರೆಸಬೇಡಿ.

ಮಲೆನಾಡಿನ ಮಂಗನ ಕಾಯಿಲೆಯಲ್ಲಿ ಇಲಿಗೂ ಒಂದು ಪಾತ್ರ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ ಕಾಡಿಲಿ, ಮೂಗಿಲಿಗಳಲ್ಲೂ ಓಡಾಡಿಕೊಂಡಿರುತ್ತದೆ. ಆದರೆ ಮನುಷ್ಯನಿಗೆ ತರುವುದು ಉಣುಗು. ಅಲ್ಲಿ ಎಚ್ಚರ ಇರಬೇಕಾದದ್ದು ಕಾಡಿಗೆ ಹೋಗುವಾಗಿನ ಬಟ್ಟೆ, ಉಣುಗು ಓಡಿಸುವ ಎಣ್ಣೆ, ಬಂದ ಮೇಲೆ ಬಿಸಿನೀರ ಸ್ನಾನದ ಬಗ್ಗೆ.

ಹಾಗಂತ ಅಟ್ಟ, ಕಣಜ ಗುಡಿಸುವಾಗ ನೀರು ಚಿಮುಕಿಸಿ, ಗ್ಲೌಸ್ ಹಾಕಿ ಮಾಡಿದರೆ ನಷ್ಟವೇನಿಲ್ಲ. ಇಲಿಯಿಂದ ಬರುವ ಎಷ್ಟೋ ರೋಗಕ್ಕೆ ಆ ಎಚ್ಚರ ಆಗುತ್ತದೆ.

ಹೆಜ್ಜೆ 7: ಎಂಟು ವಾರ ಮೈಮೇಲೆ ಗಮನ

ಹಂಟಾ ಒಳಗೆ ಸೇರಿದ ಮೇಲೆ ಕಾಣಿಸಿಕೊಳ್ಳಲು ಒಂದರಿಂದ ಎಂಟು ವಾರ ಬೇಕು. ಇಲ್ಲೇ ಜನ ಮೋಸ ಹೋಗುವುದು. ಎರಡು ತಿಂಗಳ ಹಿಂದೆ ಶೆಡ್ಡು ಗುಡಿಸಿದ್ದು ಯಾರಿಗೆ ನೆನಪಿರುತ್ತದೆ?

ಮೊದಲು ಜ್ವರ, ಸುಸ್ತು, ತೊಡೆ, ಸೊಂಟ, ಬೆನ್ನು, ಭುಜದ ದೊಡ್ಡ ಸ್ನಾಯುಗಳಲ್ಲಿ ತಡೆಯಲಾಗದ ನೋವು. ಕೆಲವರಿಗೆ ತಲೆನೋವು, ವಾಂತಿ, ಬೇಧಿ. ಫ್ಲೂ ಅಂತ ಮಲಗಿಬಿಡುತ್ತಾರೆ. ನಾಲ್ಕರಿಂದ ಹತ್ತು ದಿನ ಕಳೆದು ಕೆಮ್ಮು, ಉಸಿರು ಎಳೆಯಲು ಕಷ್ಟ. ಉಸಿರು ಕಟ್ಟಿದ ಮೇಲೆ ತಡಮಾಡುವ ಹಾಗಿಲ್ಲ, ತುರ್ತು ವಿಭಾಗಕ್ಕೆ ಹೋಗಿ. ಈ ವೈರಸ್‌ಗೆ ಅಂತಲೇ ಔಷಧಿ ಇಲ್ಲ. ಆದರೆ ಬೇಗ ಐಸಿಯು ಸೇರಿದವರಿಗೆ, ರಕ್ತಕ್ಕೆ ಹೊರಗಿನಿಂದ ಆಮ್ಲಜನಕ ಕೊಡುವ ಯಂತ್ರ ಇರುವ ದೊಡ್ಡ ಆಸ್ಪತ್ರೆ ಸೇರಿದವರಿಗೆ ಬದುಕುವ ಅವಕಾಶ ಜಾಸ್ತಿ.

ಜ್ವರ ಬಂದು ವೈದ್ಯರ ಬಳಿ ಹೋದಾಗ ಅವರು ಕೇಳಲಿ ಅಂತ ಕಾಯಬೇಡಿ. ಮೊದಲ ಮಾತಿಗೇ ಹೇಳಿ: "ಇಷ್ಟು ದಿನದ ಹಿಂದೆ ಇಲಿ ಹಿಕ್ಕೆ ಇದ್ದ ಜಾಗ ಸ್ವಚ್ಛ ಮಾಡಿದ್ದೆ." ಅಪ್ಪ ಅಮ್ಮ ಊರಿಗೆ ವಾಪಸು ಹೋದ ಮೇಲೆ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಹಂಟಾದ ಯೋಚನೆ ಬರುವುದು ಕಷ್ಟ. ಅವರ ಕೈಯಲ್ಲಿ ಒಂದು ಚೀಟಿ ಬರೆದು ಕೊಡಿ: ನ್ಯೂ ಮೆಕ್ಸಿಕೋದಲ್ಲಿದ್ದೆ, ಇಂಥ ದಿನ ಇಲಿ ಗೂಡಿನ ಹತ್ತಿರ ಹೋಗಿದ್ದೆ, ಹಂಟಾವೈರಸ್ ಪರೀಕ್ಷೆ ಬೇಕಾಗಬಹುದು.

ನಮ್ಮ ಫ್ರಿಜ್ ಮೇಲೆ ಅಮ್ಮ ತಂದಿದ್ದ ಕನ್ನಡ ಕ್ಯಾಲೆಂಡರ್ ಇದೆ. ಶೆಡ್ಡು ತೊಳೆದ ದಿನಕ್ಕೆ ಕೆಂಪು ಪೆನ್ನಲ್ಲಿ ಒಂದು ಸುತ್ತು ಹಾಕಿದೆ. ಅಲ್ಲಿಂದ ಎಂಟು ವಾರ ಎಣಿಸಿ ಅಮ್ಮ ಇನ್ನೊಂದು ಸುತ್ತು ಹಾಕಿದಳು. ಪಕ್ಕದಲ್ಲಿ ತನ್ನ ಕೈಯಲ್ಲೇ ಬರೆದಳು: "ಇಲಿ".